ಸ್ವರ ಬಿದ್ದ ಅಳು

ಎರಡೂವರೆ ತಿಂಗಳ ಕೂಸು. ಬಾಯಿ ಅಗಲಿಸಿ ಅಳುತ್ತಿದೆ, ಸ್ವರ ಮಾತ್ರ ಹೊರಡುತ್ತಿಲ್ಲ. ಎರಡು ದಿನದಿಂದ ವಾಂತಿ, ಏದುಸಿರು. ಜ್ವರ ಮಾತ್ರ ಇಲ್ಲ. ಬೇರೊಂದು ಕಡೆ ನ್ಯುಮೋನಿಯಾ ಎಂದು ಆ್ಯಂಟಿಬಯಾಟಿಕ್ ಶುರುವಾಗಿತ್ತು. ಎದೆಗೆ ಕಿವಿಕೊಟ್ಟರೆ ಕಫದ ಸದ್ದೇ ಇಲ್ಲ. ಲಿವರ್ ಮಾತ್ರ ಪಕ್ಕೆಲುಬಿನಿಂದ ನಾಲ್ಕು ಬೆರಳು ಕೆಳಗೆ ಇಳಿದಿತ್ತು. ಎಕೋ ಮಾಡಿದಾಗ ಹೃದಯದ ಬಲಭಾಗ ಉಬ್ಬಿದ್ದು, ಶ್ವಾಸಕೋಶದ ರಕ್ತನಾಳದಲ್ಲಿ ವಿಪರೀತ ಒತ್ತಡ. ಹುಟ್ಟಿನಿಂದ ಬಂದ ರಂಧ್ರ ಯಾವುದೂ ಕಾಣಲಿಲ್ಲ.

ಕೂಸನ್ನು ಬಿಟ್ಟು ಅಜ್ಜಿಯನ್ನು ಕೇಳಿದೆ: "ಅಮ್ಮಾ, ಬಾಣಂತಿಗೆ ಊಟಕ್ಕೆ ಏನು ಕೊಡ್ತೀರಿ?"

"ಪಥ್ಯ ಸರಿಯಾಗಿಯೇ ಮಾಡ್ತಿದ್ದೇವೆ ಡಾಕ್ಟ್ರೇ."

ಬೆಳ್ತಿಗೆ (ಕುಚ್ಚದ ಬಿಳಿ ಅಕ್ಕಿ) ಅನ್ನ, ಕಾಳುಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಬೇಳೆ ವಾಯು, ಹಣ್ಣು ಶೀತ, ತರಕಾರಿ ಕೂಸಿಗೆ ಆಗದು. ಅಕ್ಕಿಯನ್ನು ಮೂರು ನೀರಲ್ಲಿ ತೊಳೆದು, ಬೇಯಿಸಿ, ಗಂಜಿ ಬಸಿಯುವುದು. ಮನೆಯವರೆಲ್ಲ ಉಣ್ಣುವ ಕುಚ್ಚಲಕ್ಕಿ ಬಾಣಂತಿಗೆ ಜೀರ್ಣವಾಗುವುದಿಲ್ಲವಂತೆ.

ಅಲ್ಲೇ ಇತ್ತು ರೋಗ. ಥಯಮಿನ್, ಅಂದರೆ ಹೃದಯಕ್ಕೂ ನರಕ್ಕೂ ಬೇಕಾದ ಬಿ1 ಜೀವಸತ್ವ, ಭತ್ತದ ತೌಡಿನಲ್ಲಿರುತ್ತದೆ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಕುಚ್ಚುವಾಗ ಅದರಲ್ಲೊಂದಿಷ್ಟು ಕಾಳಿನೊಳಗೆ ಇಳಿಯುತ್ತದೆ. ಬೆಳ್ತಿಗೆಯಲ್ಲಿ ಪಾಲಿಶ್ ಮಾಡುವಾಗ ಹೋಗಿ ಉಳಿದದ್ದು ತೊಳೆದ ನೀರು, ಬಸಿದ ಗಂಜಿಯ ಪಾಲು. ದೇಹದಲ್ಲಿ ಇದರ ದಾಸ್ತಾನು ಎರಡು ಮೂರು ವಾರಕ್ಕಷ್ಟೇ. ತಾಯಿಯಲ್ಲೇ ಇಲ್ಲದ್ದು ಹಾಲಿಗೆ ಎಲ್ಲಿಂದ ಬರಬೇಕು? "ಕಾಲು ಜೋಮು ಹಿಡಿಯುತ್ತದಾ?" ಎಂದೆ. ಬಾಣಂತಿ ಹುಡುಗಿ ಹೌದೆಂದು ತಲೆಯಾಡಿಸಿದಳು. ಹೆತ್ತವರಿಗೆಲ್ಲ ಹಾಗೇ ಎಂದುಕೊಂಡಿದ್ದಳು.

ಥಯಮಿನ್ ಕೊರತೆಯಾದರೆ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಎಷ್ಟಿದೆ ಎಂದು ನೋಡಲು ರಕ್ತ ತೆಗೆದು, ವರದಿಗೆ ಕಾಯದೆ 100 ಮಿಲಿಗ್ರಾಂ ಥಯಮಿನ್ ನರಕ್ಕೆ ಕೊಟ್ಟೆವು. ಇಂಥ ಕೂಸಿಗೆ ಥಯಮಿನ್ ಇಲ್ಲದೆ ಬರೀ ಗ್ಲೂಕೋಸ್ ಏರಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ. ಮಧ್ಯಾಹ್ನ ಕೊಟ್ಟದ್ದು, ರಾತ್ರಿ ರೌಂಡ್ಸಿಗೆ ಹೋದಾಗ ಉಸಿರು ಇಳಿದಿತ್ತು, ಬೆಳಿಗ್ಗೆ ಹಾಲು ಚೀಪಿತು. ಸ್ವರಪೆಟ್ಟಿಗೆಯ ನರ ನಿಧಾನ, ಅಳು ಕೇಳಲು ವಾರ ಹಿಡಿಯಿತು.

ಔಷಧಿಗಿಂತ ಕಷ್ಟ ಅಜ್ಜಿಗೆ ಹೇಳುವುದು. ಹೊಸದರಲ್ಲಿ ನಾನು ಒಬ್ಬ ಅಜ್ಜಿಯನ್ನು ಅಳಿಯನೆದುರೇ ಬೈದಿದ್ದೆ. ಆ ಮನೆಯವರು ಮತ್ತೆ ಬರಲಿಲ್ಲ. ಈ ಸಲ ಒಬ್ಬರನ್ನೇ ಕೂರಿಸಿಕೊಂಡು, "ಮೆಣಸಿನ ಸಾರು ಬಿಡಬೇಡಿ. ಜೊತೆಗೆ ಕುಚ್ಚಲಕ್ಕಿ ಗಂಜಿ, ಹೆಸರುಬೇಳೆ ತೊವ್ವೆ, ಸೊಪ್ಪು, ನಾನು ಬರೆದ ಮಾತ್ರೆ" ಎಂದೆ.

ಅವರು ತುಂಬ ಹೊತ್ತು ಯೋಚಿಸಿದರು. "ಬಸಳೆ ಮಾತ್ರ ಆಗ್ಲಿಕ್ಕಿಲ್ಲ ಡಾಕ್ಟ್ರೇ, ಅದು ತಂಪು."

"ಆಯ್ತು, ಹರಿವೆ ಹಾಕಿ."