ರಿಪೀಟರ್ ಐಡಿ ಮನೆಯಲ್ಲೇ ಮಾಡಿಕೊಳ್ಳಿ

ಬೆಟ್ಟದ ಮೇಲೆ ಕೂತು ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುವ ಪೆಟ್ಟಿಗೆ ರಿಪೀಟರ್. ಹ್ಯಾಮ್‌ಗಳು, ಅಂದರೆ ಹವ್ಯಾಸಕ್ಕೆ ಲೈಸೆನ್ಸ್ ಪಡೆದು ರೇಡಿಯೋ ನಡೆಸುವ ನಾವು, ಮಾತಾಡುವಾಗ ನಮ್ಮ ನಮ್ಮ ಕಾಲ್ ಸೈನ್ (ಸ್ಟೇಷನ್ನಿನ ಗುರುತಿನ ಅಕ್ಷರಗಳು) ಹೇಳುತ್ತೇವೆ, ಸರಿ. ಆದರೆ ರಿಪೀಟರ್ ಕೂಡ ಒಂದು ಸ್ಟೇಷನ್ನೇ ಅಲ್ವಾ, ಅದರ ಕಾಲ್ ಸೈನ್ ಹೇಳೋರು ಯಾರು? ಹೀಗೆ ಕಾಲ್ ಸೈನ್ ಹೇಳುವುದಕ್ಕೇ ಐಡಿ ಅಂತಾರೆ, ಅದನ್ನು ತಾನಾಗಿ ಹೇಳುವ ಯಂತ್ರ ಮಾಡೋಣ. ಹ್ಯಾಮ್ ಸ್ಟೇಷನ್‌ಗಳು ಆಗಾಗ ಕಾಲ್ ಸೈನ್ ಹೇಳುತ್ತಿರಬೇಕು ಅಂತ ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ನಿಯಮವೇ ಇದೆ. ಅಮೆರಿಕದಲ್ಲಿ ಇದಕ್ಕೆ ಲೆಕ್ಕ ಕಟ್ಟಿಟ್ಟಿದ್ದಾರೆ: ಮಾತು ನಡೆಯುವಾಗ 10 ನಿಮಿಷಕ್ಕೊಮ್ಮೆಯಾದರೂ, ಮುಗಿದಾಗ ಇನ್ನೊಮ್ಮೆ, ಯಂತ್ರ ಮೋರ್ಸ್‌ನಲ್ಲಿ (ಉದ್ದ, ಗಿಡ್ಡ ಬೀಪುಗಳ ಸಂಕೇತ) ಹೇಳುವುದಾದರೆ ನಿಮಿಷಕ್ಕೆ 20 ಪದದ ವೇಗ ದಾಟಬಾರದು. ನಮ್ಮಲ್ಲಿ ನಿಮ್ಮ ಲೈಸೆನ್ಸ್ ಷರತ್ತು ಓದಿಕೊಳ್ಳಿ, ರಿಪೀಟರ್ ಹಾಕಲು ಬೇರೆ ಅನುಮತಿಯೂ ಬೇಕು. ನಾನು ಆ 10 ನಿಮಿಷದ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ.

ಹಿಂದೆ ಈ ಕೆಲಸಕ್ಕೆ ಒಂದು ಬೋರ್ಡ್ ತುಂಬ ಡಯೋಡ್ ಜೋಡಿಸುತ್ತಿದ್ದರು, ಕಾಲ್ ಸೈನ್ ಬದಲಾದರೆ ಮತ್ತೆ ಸೋಲ್ಡರಿಂಗ್ ಕಾಯಿಸಬೇಕಿತ್ತು. ಈಗ ಒಂದು ಆರ್ಡುಯಿನೊ ನ್ಯಾನೊ, ಅಂದರೆ ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್, ಸಾಕು. ಬೆಂಗಳೂರಿನವರಾದರೆ ಎಸ್‌ಪಿ ರೋಡಿಗೆ ಒಂದು ಸುತ್ತು ಹಾಕಿದರೆ ಎಲ್ಲ ಸಾಮಾನೂ ಒಂದೇ ಅಂಗಡಿಯಲ್ಲಿ ಸಿಗುತ್ತದೆ. ನ್ಯಾನೊ, ಎರಡು ಬಿಸಿ547 ಟ್ರಾನ್ಸಿಸ್ಟರ್, ನ್ಯಾನೊಗೆ 5 ವೋಲ್ಟ್ ಕೊಡಲು ಒಂದು 7805, 10ಕೆ ಪ್ರೀಸೆಟ್ (ತಿರುಗಿಸಿ ಮಟ್ಟ ಹೊಂದಿಸುವ ರೆಸಿಸ್ಟರ್), ಒಂದಷ್ಟು ರೆಸಿಸ್ಟರ್ ಕೆಪಾಸಿಟರ್, ಮತ್ತೆ ಒಂದು ತಗಡಿನ ಡಬ್ಬಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ.

ಬೀಪ್ ಮಾಡಿಸೋದು ಅರ್ಧ ಗಂಟೆ ಕೆಲಸ. ಯಾವಾಗ ಮಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಇರಬೇಕು ಅಂತ ಕಲಿಸೋದೇ ನಿಜವಾದ ಕೆಲಸ.

ಮೊದಲು ಸುಲಭದ್ದು. ಮೋರ್ಸ್‌ನಲ್ಲಿ ಎಲ್ಲಕ್ಕೂ ಅಳತೆ ಡಿಟ್, ಅಂದರೆ ಗಿಡ್ಡ ಬೀಪ್. ಡಾ ಅಂದರೆ ಉದ್ದ ಬೀಪ್, ಮೂರು ಡಿಟ್‌ನಷ್ಟು. ಅಕ್ಷರದ ಒಳಗಿನ ಬಿಡುವು ಒಂದು ಡಿಟ್, ಎರಡು ಅಕ್ಷರದ ಮಧ್ಯೆ ಮೂರು, ಪದಗಳ ಮಧ್ಯೆ ಏಳು. 1200 ಅನ್ನು ವೇಗದಿಂದ ಭಾಗಿಸಿದರೆ ಒಂದು ಡಿಟ್ ಎಷ್ಟು ಮಿಲಿಸೆಕೆಂಡ್ ಅಂತ ಸಿಗುತ್ತದೆ. ನಿಮಿಷಕ್ಕೆ 15 ಪದಕ್ಕೆ 80. ನಮ್ಮ ಕಾಲ್ ಸೈನ್‌ಗಳ ಶುರುವಿನ 'ವಿಯು2' ತಗೊಳ್ಳಿ: ವಿ ಅಂದರೆ ಮೂರು ಡಿಟ್ ಒಂದು ಡಾ, ಯು ಅಂದರೆ ಎರಡು ಡಿಟ್ ಒಂದು ಡಾ, 2 ಅಂದರೆ ಎರಡು ಡಿಟ್ ಮೂರು ಡಾ. ಬಿಡುವುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ 37 ಡಿಟ್, ಅಂದರೆ ಹತ್ತಿರ ಹತ್ತಿರ 3 ಸೆಕೆಂಡ್. ಮುಂದಿನ ಮೂರು ಅಕ್ಷರವೂ ಸೇರಿ ಇಡೀ ಕಾಲ್ ಸೈನ್‌ಗೆ 6 ಸೆಕೆಂಡ್ ಆಸುಪಾಸು ಹಿಡಿಯುತ್ತದೆ.

ಇದನ್ನು ಪ್ರೋಗ್ರಾಮಿನಲ್ಲಿ ಇಡಲು ಒಂದು ಚಂದದ ಹಳೇ ಉಪಾಯ ಇದೆ. ಒಂದು ಅಕ್ಷರಕ್ಕೆ ಒಂದೇ ಬೈಟ್. ಡಿಟ್‌ಗೆ 0, ಡಾಗೆ 1, ಬಲಗಡೆಯಿಂದ ಜೋಡಿಸುತ್ತಾ ಹೋಗಿ, ಕೊನೆಗೆ ಎಡಗಡೆ 'ಇಲ್ಲಿಗೆ ಮುಗೀತು' ಅನ್ನಲು ಇನ್ನೊಂದು 1. ಹಾಗೆ ಮಾಡಿದರೆ ವಿ ಅಕ್ಷರ 11000, ಅಂದರೆ 24. ಯು 12, ಅಂಕೆ 2 ಆಗುವುದು 60. ಪ್ರೋಗ್ರಾಮ್ ಬಲಗಡೆಯ ಬಿಟ್ ನೋಡುತ್ತದೆ, ಡಿಟ್ಟೋ ಡಾವೋ ಬಾರಿಸುತ್ತದೆ, ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತದೆ, ಬರೀ 1 ಉಳಿದಾಗ ಮುಂದಿನ ಅಕ್ಷರಕ್ಕೆ ಹೋಗುತ್ತದೆ. ಇಡೀ ಕಾಲ್ ಸೈನ್ ಆರೇ ಸಂಖ್ಯೆಯಲ್ಲಿ ಮುಗಿಯಿತು.

ಈಗ ವೈರಿಂಗ್. ರಿಪೀಟರಿನಿಂದ ನಮಗೆ ಬೇಕಾದದ್ದು ಒಂದೇ ಸುದ್ದಿ: ಯಾರಾದರೂ ಮಾತಾಡುತ್ತಿದ್ದಾರಾ? ಅದನ್ನು ಹೇಳುವ ತಂತಿಗೆ ಸಿಒಎಸ್ ಅಂತಾರೆ. ಹಳೇ ಸೆಟ್‌ಗಳನ್ನು ರಿಪೀಟರ್ ಮಾಡಿದ್ದರೆ ಇದು ಒಂದೊಂದರಲ್ಲಿ ಒಂದೊಂದು ಥರ, ಸಿಗ್ನಲ್ ಬಂದಾಗ ಕೆಲವದರಲ್ಲಿ ವೋಲ್ಟೇಜ್ ಏರುತ್ತದೆ, ಕೆಲವದರಲ್ಲಿ ಇಳಿಯುತ್ತದೆ, ಹಾಗಾಗಿ ಮೀಟರ್ ಹಚ್ಚಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಗದ್ದಲ ಮುಚ್ಚಿಡುವ ವ್ಯವಸ್ಥೆ) ತೆರೆದು ಮುಚ್ಚಿ ನೋಡದೆ ತಂತಿ ಸೇರಿಸಲೇಬೇಡಿ. 8 ವೋಲ್ಟ್ ಬಂದರೆ ನ್ಯಾನೊ ಪಿನ್ ಸತ್ತಿತು ಅಂತಲೇ ಲೆಕ್ಕ. ಮಧ್ಯೆ ಒಂದು ಬಿಸಿ547 ಇಟ್ಟು, ಬೇಸ್‌ಗೆ 10ಕೆ ಮೂಲಕ ಸಿಒಎಸ್ ಕೊಡಿ, ಕಲೆಕ್ಟರ್ ಅನ್ನು ನ್ಯಾನೊ ಪಿನ್ನಿಗೆ, ಎಮಿಟರ್ ಗ್ರೌಂಡ್‌ಗೆ. ಪಿನ್ನಿನ ಒಳಗಿನ ಪುಲ್‌ಅಪ್ (ಪಿನ್ನನ್ನು 5 ವೋಲ್ಟಿನತ್ತ ಎಳೆದಿಡುವ ರೆಸಿಸ್ಟರ್) ಆನ್ ಮಾಡಿ. ಲಾಜಿಕ್ ತಲೆಕೆಳಗಾಗುತ್ತದೆ, ಅಷ್ಟೇ.

ಇನ್ನೊಂದು ಬಿಸಿ547 ಪಿಟಿಟಿಗೆ, ಅಂದರೆ ಟ್ರಾನ್ಸ್‌ಮಿಟರ್ ಆನ್ ಮಾಡಿಸುವ ತಂತಿಗೆ. ನ್ಯಾನೊ ಪಿನ್ನಿನಿಂದ 4.7ಕೆ ಮೂಲಕ ಬೇಸ್, ಕಲೆಕ್ಟರ್ ಪಿಟಿಟಿ ತಂತಿಗೆ, ಎಮಿಟರ್ ಗ್ರೌಂಡ್‌ಗೆ. ರಿಪೀಟರ್ ಕಂಟ್ರೋಲರ್ ಕೂಡ ಪಿಟಿಟಿಯನ್ನು ಗ್ರೌಂಡ್‌ಗೆ ಎಳೆಯುವ ಥರದ್ದಾದರೆ ಎರಡೂ ಒಟ್ಟಿಗೆ ಇರಬಹುದು, ಯಾರು ಎಳೆದರೂ ಟ್ರಾನ್ಸ್‌ಮಿಟರ್ ಏಳುತ್ತದೆ. ಬೇಸಿನಿಂದ ಗ್ರೌಂಡ್‌ಗೆ ಒಂದು 10ಕೆ ಮರೆಯಬೇಡಿ. ನ್ಯಾನೊ ರೀಸೆಟ್ ಆಗುವ ಹೊತ್ತಿನಲ್ಲಿ ಪಿನ್ ಎಲ್ಲೂ ಸೇರದೆ ತೇಲುತ್ತಿರುತ್ತದೆ, ಆಗ ಸುಮ್ನೆ ಟ್ರಾನ್ಸ್‌ಮಿಟರ್ ಆನ್ ಆಗಬಾರದು.

ಆಡಿಯೋ ಪಿನ್ನಿನಿಂದ ಬರುವುದು 5 ವೋಲ್ಟಿನ ಚೌಕದ ಅಲೆ, ಕಿವಿಗೆ ಗರಗಸ ಉಜ್ಜಿದ ಹಾಗೆ ಕೇಳಿಸುತ್ತದೆ. 800 ಹರ್ಟ್ಸ್ ಟೋನ್ ಇಟ್ಟುಕೊಂಡು, 10ಕೆ ರೆಸಿಸ್ಟರ್ ಮತ್ತು ಗ್ರೌಂಡ್‌ಗೆ 103 ಕೆಪಾಸಿಟರ್ (0.01 ಮೈಕ್ರೊಫ್ಯಾರಡ್), ಹೀಗೆ ಎರಡು ಮೆಟ್ಟಿಲು ಹಾಕಿ. ಆಮೇಲೆ ಪ್ರೀಸೆಟ್, ಅದರ ನಡುಗಾಲಿನಿಂದ 1 ಮೈಕ್ರೊಫ್ಯಾರಡ್ ಮತ್ತು 100ಕೆ ದಾಟಿ ಮೈಕ್ ಇನ್‌ಪುಟ್ಟಿಗೆ. ಮೈಕ್ ಮಟ್ಟ ಬರೀ ಮಿಲಿವೋಲ್ಟ್‌ಗಳದ್ದು, ಅದಕ್ಕೇ ಅಷ್ಟು ದೊಡ್ಡ ರೆಸಿಸ್ಟರ್.

ಇನ್ನು ಪ್ರೋಗ್ರಾಮಿನ ಬುದ್ಧಿ. ನಾನು ಮೊದಲು ಮಾಡಿದ್ದು ಕುರುಡು ಟೈಮರ್. ಹತ್ತು ನಿಮಿಷ ಅನ್ನೋಕೆ 10 ಗುಣಿಸು 60 ಗುಣಿಸು 1000 ಅಂತ ಬರೆದೆ. ಮೇಜಿನ ಮೇಲೆ ಡಮ್ಮಿ ಲೋಡ್ (ಆ್ಯಂಟೆನಾ ಬದಲು ಪವರ್ ನುಂಗುವ ರೆಸಿಸ್ಟರ್) ಹಾಕಿ ಆನ್ ಮಾಡಿದರೆ, ಕಾಲ್ ಸೈನ್ ಬಂತು, ನಾಲ್ಕು ಸೆಕೆಂಡ್ ಸುಮ್ಮನಾಯಿತು, ಮತ್ತೆ ಬಂತು, ಮತ್ತೆ ಬಂತು. ನಿಲ್ಲೋದೇ ಇಲ್ಲ. ಎರಡು ಸಂಜೆ ಸರ್ಕ್ಯೂಟ್ ಬೈದುಕೊಂಡು ತಂತಿ ಕಿತ್ತು ಹಾಕಿದೆ. ತಪ್ಪು ಇದ್ದದ್ದು ಗುಣಾಕಾರದಲ್ಲಿ. ನ್ಯಾನೊದ ಸಾಮಾನ್ಯ ಪೂರ್ಣಾಂಕ 16 ಬಿಟ್‌ನದ್ದು, ಅದರಲ್ಲಿ 6 ಲಕ್ಷ ಹಿಡಿಸುವುದಿಲ್ಲ. ತುಂಬಿ ಚೆಲ್ಲಿ ಉಳಿದದ್ದು 10176, ಅಂದರೆ 10 ಸೆಕೆಂಡ್! 1000ದ ಪಕ್ಕ 'ಯುಎಲ್' (ಇದು ದೊಡ್ಡ ಸಂಖ್ಯೆ ಅನ್ನುವ ಗುರುತು) ಅಂತ ಎರಡಕ್ಷರ ಸೇರಿಸಿದರೆ ಸರಿಹೋಗುವುದಿಲ್ಲವೇ ಅಂದುಕೊಳ್ಳಬಹುದು, ಈ ಲೆಕ್ಕದಲ್ಲಿ ಸರಿಹೋಗುತ್ತದೆ, ಆದರೆ ಮೊದಲ ಸಂಖ್ಯೆಗೇ ಸೇರಿಸುವುದು ಒಳ್ಳೆ ಅಭ್ಯಾಸ. ಹಾಗೇ ಮಿಲಿಸೆಕೆಂಡ್ ಎಣಿಕೆ 49 ದಿನ ಚಿಲ್ಲರೆಗೆ ಮತ್ತೆ ಸೊನ್ನೆಗೆ ಬರುತ್ತದೆ. 'ಈಗಿನದ್ದರಲ್ಲಿ ಹಿಂದಿನದ್ದು ಕಳೆದರೆ ಎಷ್ಟು' ಅಂತಲೇ ಕೇಳಿ, ಆಗ ತೊಂದರೆ ಇಲ್ಲ.

ಸರಿಯಾದ ಬುದ್ಧಿಗೆ ಎರಡೇ ವಿಷಯ ನೆನಪಿಟ್ಟರೆ ಸಾಕು: ಕೊನೆಯ ಐಡಿ ಯಾವಾಗ ಹೋಯಿತು, ಆಮೇಲೆ ಯಾರಾದರೂ ಮಾತಾಡಿದರಾ. ತುಂಬ ಹೊತ್ತಿನ ಮೌನದ ನಂತರ ಯಾರೋ ಕೀ ಒತ್ತಿದರೆ, ಅವರು ಬಿಟ್ಟ ತಕ್ಷಣ ಒಂದು ಐಡಿ. ಮಾತು ಮುಂದುವರಿದರೆ 9 ನಿಮಿಷದಿಂದ ಕಾಯಲು ಶುರು ಮಾಡಿ, ಯಾರಾದರೂ ಉಸಿರು ತಗೊಳ್ಳೋಕೆ ಬಟನ್ ಬಿಟ್ಟ ಕೂಡಲೇ ಕಳಿಸಿಬಿಡಿ. ಕೆಲವರು ಬಟನ್ ಬಿಡೋದೇ ಇಲ್ಲ, ನಿಮಗೂ ಅಂಥ ಒಬ್ಬರು ಗೊತ್ತಿರುತ್ತಾರೆ. 9 ನಿಮಿಷ 50 ಸೆಕೆಂಡ್ ಆದರೆ ಮಾತಿನ ಅಡಿಯಲ್ಲೇ ಕಳಿಸಿ. ಮಾತು ಮುಗಿದಿದ್ದರೆ ಹಿಂದಿನ ಐಡಿಯಿಂದ ಹತ್ತು ನಿಮಿಷದೊಳಗೆ ಕೊನೆಯದೊಂದು, ಆಮೇಲೆ ಪೂರ್ತಿ ಮೌನ. ಪ್ರತಿ ಸಲವೂ ಪಿಟಿಟಿ ಎಳೆದು ಅರ್ಧ ಸೆಕೆಂಡ್ ಬಿಟ್ಟು ಟೋನ್ ಶುರು ಮಾಡಿ, ಇಲ್ಲದಿದ್ದರೆ ಕೇಳುವವರ ಸೆಟ್ ಎಚ್ಚರವಾಗುವಷ್ಟರಲ್ಲಿ ಮೊದಲ ಡಿಟ್ ಹೋಗಿರುತ್ತದೆ.

ಪ್ರೋಗ್ರಾಮ್ ನಿಂತುಹೋದರೆ ನ್ಯಾನೊವನ್ನು ತಾನೇ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಆನ್ ಮಾಡಿ. ಪ್ರೋಗ್ರಾಮ್ ಪಿಟಿಟಿ ಎಳೆದುಕೊಂಡೇ ಹೆಪ್ಪುಗಟ್ಟಿದರೆ ಮಳೆಯಲ್ಲಿ ಬೆಟ್ಟ ಹತ್ತೋರು ನೀವೇ. ಹಳೇ ಬೂಟ್‌ಲೋಡರ್ (ಆನ್ ಆದಾಗ ಮೊದಲು ಓಡುವ ಪುಟ್ಟ ಪ್ರೋಗ್ರಾಮ್) ಇರುವ ನ್ಯಾನೊಗಳು ವಾಚ್‌ಡಾಗ್ ರೀಸೆಟ್ ಮಾಡಿದಾಗ ಅಲ್ಲೇ ಸುತ್ತುತ್ತಾ ಉಳಿಯುತ್ತವೆ, ಮನೆಯಲ್ಲೇ ಬೇಕಂತಲೇ ಹ್ಯಾಂಗ್ ಮಾಡಿ ನೋಡಿಕೊಳ್ಳಿ.

ತಗಡಿನ ಡಬ್ಬಿ ಯಾಕೆ ಅಂದರೆ, ಪಕ್ಕದಲ್ಲೇ ಟ್ರಾನ್ಸ್‌ಮಿಟರ್ ಇದೆ. ಅದರ ಆರ್‌ಎಫ್ (ರೇಡಿಯೋ ಅಲೆ) ತಂತಿಗಳ ಮೇಲೆ ಹತ್ತಿ ಒಳಗೆ ಬಂದು ನ್ಯಾನೊಗೆ ತಲೆ ತಿರುಗಿಸುತ್ತದೆ. ಡಬ್ಬಿಗೆ ಬರುವ ಪ್ರತಿ ತಂತಿಗೂ ಬಾಗಿಲಲ್ಲೇ ಗ್ರೌಂಡ್‌ಗೆ ಒಂದು 102 ಕೆಪಾಸಿಟರ್ (0.001 ಮೈಕ್ರೊಫ್ಯಾರಡ್), ಸಾಧ್ಯವಾದರೆ ಫೆರೈಟ್ ಮಣಿ.

ಪ್ರೀಸೆಟ್ ತಿರುಗಿಸುವಾಗ ಪಕ್ಕದ ರೂಮಿನಲ್ಲಿ ಇನ್ನೊಂದು ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಇಟ್ಟು ಕೇಳಿ. ಯಾರಾದರೂ ಮಾತಾಡುತ್ತಿರುವಾಗ ಬೀಪ್ ಕೆಳಗೆ ಮೆತ್ತಗೆ ಕೇಳಬೇಕು, ಮಾತು ಒಂದಕ್ಷರವೂ ಮುಚ್ಚಿಹೋಗಬಾರದು. ಅಲ್ಲಿಗೆ ನಿಲ್ಲಿಸಿ ಪ್ರೀಸೆಟ್ ಮೇಲೆ ಒಂದು ಹನಿ ನೇಲ್ ಪಾಲಿಶ್ ಬಿಡಿ. ಆಮೇಲೆ ಆ್ಯಂಟೆನಾ ಹಾಕಿ, ಯಾರೂ ಮಾತಾಡದೆ ಅರ್ಧ ಗಂಟೆ ಬಿಡಿ. ಒಂದು ಬೀಪೂ ಬರಬಾರದು. ಬಂತು ಅಂದರೆ ಸ್ಕ್ವೆಲ್ಚ್ ಸಡಿಲ ಇದೆ, ಗದ್ದಲಕ್ಕೇ ಸಿಒಎಸ್ ಏಳುತ್ತಿದೆ. ಅದನ್ನು ಒಂದೆರಡು ಕೂದಲೆಳೆಯಷ್ಟು ಬಿಗಿ ಮಾಡಿ ಇನ್ನೊಂದು ಅರ್ಧ ಗಂಟೆ ಕೂತು ಕೇಳಿ.