ಒಬ್ಬರಿಂದಲೇ ಎರಡೂ ಕಂಡಿಷನ್ ಮಾಡಿಸುವಾಗ

ನೆನಪನ್ನು ಅಳೆಯುವ ಪದಪಟ್ಟಿ ಪ್ರಯೋಗಕ್ಕೆ ನಾನು ಇಡುವುದು ಎರಡು ಕಂಡಿಷನ್, ಅಂದರೆ ಹೋಲಿಸಿ ನೋಡುವ ಎರಡು ವಿಧಾನ. 20 ಪದಗಳ ಒಂದು ಪಟ್ಟಿಯನ್ನು ಬಾಯಿಪಾಠ ಮಾಡಬೇಕು. ಅಷ್ಟೇ ಉದ್ದದ ಇನ್ನೊಂದರಲ್ಲಿ ಪ್ರತಿ ಪದಕ್ಕೂ ಮನಸ್ಸಿನಲ್ಲೊಂದು ಚಿತ್ರ ಕಟ್ಟಿಕೊಳ್ಳಬೇಕು. ಒಬ್ಬರಿಂದಲೇ ಎರಡನ್ನೂ ಮಾಡಿಸಿದರೆ ಕಡಿಮೆ ಜನ ಸಾಕು, ನಿಜ. 0.5 ಗಾತ್ರದ (ಅಂಕಗಳ ಹರವಿನ, ಅಂದರೆ ಪ್ರಮಾಣಿತ ವಿಚಲನೆಯ, ಅರ್ಧದಷ್ಟು) ಪರಿಣಾಮವನ್ನು 0.05 ಮಟ್ಟದಲ್ಲಿ (ಇಲ್ಲದ್ದನ್ನು ಇದೆ ಎನ್ನುವ ಸಾಧ್ಯತೆ 5%), 80% ಪವರ್‌ನೊಂದಿಗೆ (ಇದ್ದರೆ ಕಂಡುಹಿಡಿಯುವ ಸಾಧ್ಯತೆ) ಹಿಡಿಯಲು ಬೇರೆ ಬೇರೆ ಗುಂಪಾದರೆ 128 ಜನ ಬೇಕು, ಇಲ್ಲಿ 34. ಆದರೆ ಇದು ಒಬ್ಬರದೇ ಎರಡು ಅಂಕಗಳ ಸಹಸಂಬಂಧ (ಒಂದರ ಜೊತೆ ಇನ್ನೊಂದು ಎಷ್ಟು ಹೊಂದಿ ಏರಿಳಿಯುತ್ತದೆ ಎಂಬುದು) 0.5 ಇದ್ದರೆ ಸಿಗುವ ಲೆಕ್ಕ, ಅದು 0.3ಕ್ಕಿಳಿದರೆ 46 ಬೇಕು. ಯಾವುದೋ ಒಂದು ಪಟ್ಟಿ ತಾನಾಗೇ ಸುಲಭವಿರಬಹುದು, ಆದ್ದರಿಂದ ಪಟ್ಟಿಗಳನ್ನೂ ಅದಲುಬದಲು ಮಾಡಬೇಕು. ಯಾವ ವಿಧಾನ ಮೊದಲು ಎಂಬ ಎರಡು ಕ್ರಮ, ಎರಡು ಪಟ್ಟಿ ಸೇರಿ ನಾಲ್ಕು ಜೋಡಣೆ, ಪ್ರತಿಯೊಂದಕ್ಕೂ ಸಮನಾದ ಜನ ಬೇಕು. ಹಾಗಾಗಿ 34 ಬಿಟ್ಟು 36 ಜನರನ್ನು ಕರೆಯುತ್ತೇನೆ.

ಅರ್ಧ ಜನರಿಗೆ ಬಾಯಿಪಾಠ ಮೊದಲು, ಉಳಿದವರಿಗೆ ಚಿತ್ರ ಮೊದಲು. ಈ ಕೌಂಟರ್‌ಬ್ಯಾಲೆನ್ಸಿಂಗ್‌ನಿಂದ ಅಭ್ಯಾಸ, ದಣಿವು ಎರಡೂ ಕಡೆ ಸಮನಾಗಿ ಬಿದ್ದು ಹೊಂದಿಹೋಗುತ್ತವೆ. ಹೊಂದದೆ ಉಳಿಯುವುದು ಕಲಿತ ಉಪಾಯ. ಚಿತ್ರ ಕಟ್ಟುವುದನ್ನು ಮೊದಲೇ ಕಲಿತವರು ಬಾಯಿಪಾಠದಲ್ಲೂ ಅದನ್ನೇ ಬಳಸುತ್ತಾರೆ. ಈಜು ಬಂದವನಿಗೆ ಮುಳುಗು ಎಂದರೆ ಕೈಕಾಲು ಸುಮ್ಮನಿರುತ್ತವೆಯೇ? ತಿರುಗಾಮುರುಗಾ ಮಾಡಿದರೆ ಹಾಗಾಗದು. ಉದಾಹರಣೆಗೆ, ಬಾಯಿಪಾಠ ಮೊದಲಾದಾಗ ಬಾಯಿಪಾಠಕ್ಕೆ 8, ಚಿತ್ರಕ್ಕೆ 12 ಅಂಕ, ಚಿತ್ರ ಮೊದಲಾದಾಗ ಚಿತ್ರಕ್ಕೆ 12, ಬಾಯಿಪಾಠಕ್ಕೆ 11 ಎಂದಿಟ್ಟುಕೊಳ್ಳಿ. ನಿಜವಾದ ವ್ಯತ್ಯಾಸ 4; ಎರಡನ್ನೂ ಬೆರೆಸಿ ಸರಾಸರಿ ತೆಗೆದರೆ 2.5. ಸಂಶೋಧಕರಾದ ಪೌಲ್ಟನ್ ಮತ್ತು ಫ್ರೀಮನ್ 1966ರಲ್ಲೇ ಈ ಏಕಮುಖ ವರ್ಗಾವಣೆಯ ಬಗ್ಗೆ ಎಚ್ಚರಿಸಿದ್ದರೂ ‘ಕ್ರಮ ಬದಲಿಸಿದ್ದೇವೆ’ ಎಂಬ ಒಂದು ಸಾಲಿಗೇ ವರದಿಗಳು ತೃಪ್ತವಾಗುತ್ತವೆ. ವಾರದ ಬಿಡುವು ಕೊಟ್ಟರೆ ದಣಿವು ಹೋದೀತು, ಉಪಾಯ ಹೋಗುವುದಿಲ್ಲ. ಎರಡನೇ ದಿನ ಬಾರದವರ ತಲೆನೋವು ಬೇರೆ.

ಸರಾಸರಿ ಬೆರೆಸುವ ಮುನ್ನ ಆ ನಾಲ್ಕು ಅಂಕಗಳನ್ನು ಪ್ರತ್ಯೇಕವಾಗಿ ಬರೆದು ನೋಡುತ್ತೇನೆ. ಕೊನೆಯಲ್ಲಿ ‘ಎರಡನೇ ಪಟ್ಟಿಯನ್ನು ಹೇಗೆ ನೆನಪಿಟ್ಟಿರಿ?’ ಎಂದಷ್ಟೇ ಕೇಳಬೇಕು, ‘ಚಿತ್ರ ಕಟ್ಟಿದಿರಾ?’ ಎಂದರೆ ಹೌದು ಎನ್ನುವವರೇ ಹೆಚ್ಚು.

ಉಪಾಯ ಮೊದಲ ಸುತ್ತಿನಿಂದ ಎರಡನೆಯದಕ್ಕೆ ದಾಟಿದೆಯೇ ಎಂದು ಮೊದಲು ಪರೀಕ್ಷಿಸಿ, ದಾಟಿದ್ದರೆ ಮೊದಲ ಸುತ್ತಿನ ಅಂಕ ಮಾತ್ರ ಬಳಸುವ ರೂಢಿಯೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಆ ಪರೀಕ್ಷೆ ಜನರ ನಡುವಿನ ಹೋಲಿಕೆಯಾದ್ದರಿಂದ 36 ಜನರಲ್ಲಿ ಅದರ ಪವರ್ ತೀರಾ ಕಡಿಮೆ. ಮೇಲಾಗಿ, ಅದರ ಫಲಿತಾಂಶಕ್ಕೂ ಮೊದಲ ಸುತ್ತಿನ ವ್ಯತ್ಯಾಸಕ್ಕೂ ನಂಟಿರುವುದರಿಂದ ಸುಳ್ಳು ಫಲಿತಾಂಶದ ಪ್ರಮಾಣ 5% ಮೀರುತ್ತದೆ. ತೀರ್ಮಾನ ದತ್ತಾಂಶ ಬರುವ ಮೊದಲೇ ಆಗಬೇಕು: ಒಂದು ಕಂಡಿಷನ್ ಏನನ್ನಾದರೂ ಕಲಿಸುವಂತಿದ್ದರೆ ಬೇರೆ ಗುಂಪು, 128 ಜನ. ಬಣ್ಣದ ಹೆಸರನ್ನು ಬರೆದ ಶಾಯಿಯ ಬಣ್ಣ ಹೇಳಿಸುವ ಸ್ಟ್ರೂಪ್‌ನಂಥ ಕೆಲಸದಲ್ಲಿ, ಶಾಯಿಗೆ ಹೊಂದುವ, ಹೊಂದದ ಪದಗಳನ್ನು ಒಂದೇ ಸುತ್ತಿನಲ್ಲಿ ಯಾದೃಚ್ಛಿಕವಾಗಿ ಬೆರೆಸಬಹುದು. ಅಲ್ಲಿ ಎಲ್ಲವನ್ನೂ ಒಬ್ಬರಿಂದಲೇ ಮಾಡಿಸುತ್ತೇನೆ.