ಅಕ್ಕನ ಮದುವೆಯ ಡಿವಿಡಿಗಳನ್ನು ಇಳಿಸಿಕೊಂಡ ಬಗೆ: ನನ್ನ ಅನುಭವ

ತುಮಕೂರಿನ ನಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಒಂಬತ್ತು ಡಿವಿಡಿಗಳಿದ್ದವು. ಐದು 2006ರ ಅಕ್ಕನ ಮದುವೆಯವು. ಉಳಿದವು ಸಿದ್ಧಗಂಗೆಯ ದನಗಳ ಜಾತ್ರೆ, ದೇವರಾಯನದುರ್ಗದ ಪ್ರವಾಸ ಮುಂತಾದವನ್ನು ಮಾವ ತಮ್ಮ ಕ್ಯಾಮ್‌ಕಾರ್ಡರ್‌ನಲ್ಲಿ ಹಿಡಿದಿಟ್ಟವು. ಇವುಗಳಿಂದ ತೀರಿಹೋದ ಅಜ್ಜಿಯ ಭಾಗಗಳನ್ನಷ್ಟೇ ಆಯ್ದು ಒಂದು ವಿಡಿಯೊ ಮಾಡಿಕೊಡಬೇಕೆಂದು ಅಕ್ಕ ಕೇಳಿದಾಗ, ನಾನು ಮೊದಲು ಮಾಡಿದ್ದು ಒಂದು ಡಿಸ್ಕನ್ನು ಅಂಗಡಿಯೊಂದಕ್ಕೆ ಕೊಟ್ಟದ್ದು. ಒಂದು ಗಂಟೆಯ ಆ ಡಿಸ್ಕಿನಲ್ಲಿ ನಾಲ್ಕು ಜಿಬಿಗೂ ಮಿಕ್ಕಿ ದತ್ತಾಂಶವಿತ್ತು. ಅವರು ಮರಳಿ ಕೊಟ್ಟ ಎಂಪಿ4 ಕಡತ 600 ಎಂಬಿಯದು. ಅಕ್ಷತೆ ಬೀಳುವ ದೃಶ್ಯದಲ್ಲಿ ಕಾಳುಗಳೆಲ್ಲ ಕಲಸಿದ ಮೊಸರನ್ನದಂತೆ ಒಂದಾಗಿದ್ದವು, ಭಾವನ ಮುಖ ಅಡ್ಡಕ್ಕೆ ಹಿಗ್ಗಿತ್ತು.

ಡಿವಿಡಿಯಲ್ಲಿರುವುದು ಆಗಲೇ ಡಿಜಿಟಲ್ ವಿಡಿಯೊ, ಎಂಪೆಗ್-2 ರೂಪದ್ದು. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಚೌಕಟ್ಟಿನ ಅಳತೆ 720×576, ಸೆಕೆಂಡಿಗೆ 25 ಚೌಕಟ್ಟುಗಳು. ಗಾತ್ರ ಇಳಿಸಲು ಅದನ್ನು ಇನ್ನೊಮ್ಮೆ ಹಿಂಡಿದರೆ ವಿವರ ಹೋಗುತ್ತದೆ, ಹಿಂಡದೆ ಹಾಗೆಯೇ ಎತ್ತಿಕೊಂಡರೆ ಏನೂ ಹೋಗುವುದಿಲ್ಲ. ಇಷ್ಟು ತಿಳಿದ ಮೇಲೆ ಅಂಗಡಿಯ ಆಸೆ ಬಿಟ್ಟು ನಾನೇ ಕುಳಿತೆ.

ಮೊದಲ ಕೆಲಸ ಡಿಸ್ಕಿನ ಪೂರ್ಣ ಪ್ರತಿ, ಅಂದರೆ ಐಎಸ್‌ಒ ಇಮೇಜ್, ತೆಗೆಯುವುದು. ಏಳು ಡಿಸ್ಕುಗಳು ತಕರಾರಿಲ್ಲದೆ ಇಳಿದವು. ಧಾರೆಯ ಡಿಸ್ಕನ್ನು ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಚಹಾದ ಲೋಟ ಇಟ್ಟೆತ್ತಿದಂತಹ ಮಬ್ಬು ಬಳೆ ಕಾಣುತ್ತಿತ್ತು. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಬರೆಯುವುದರಿಂದ, ತುಂಬಿದ ಡಿಸ್ಕಿನಲ್ಲಿ ಅಂಚು ಕೆಟ್ಟರೆ ಕಾರ್ಯಕ್ರಮದ ಕೊನೆಯ ಭಾಗಕ್ಕೇ ಪೆಟ್ಟು. ಇದಕ್ಕೆ ಲಿನಕ್ಸಿನ ಡಿಡಿರೆಸ್ಕ್ಯೂ ತಂತ್ರಾಂಶವನ್ನು, ಸೆಕ್ಟರ್ ಅಳತೆ 2048 ಬೈಟ್ ಎಂದು ಸೂಚಿಸಿ, ಓಡಿಸಿದೆ. ಅದು ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಓದಿ, ಸಿಗದ ಜಾಗಗಳನ್ನು ನಕ್ಷೆಯ ಕಡತವೊಂದರಲ್ಲಿ ಬರೆದಿಟ್ಟು, ಆಮೇಲೆ ಅವುಗಳಿಗಷ್ಟೇ ಮರಳುತ್ತದೆ. ಲ್ಯಾಪ್‌ಟಾಪ್‌ನ ಯುಎಸ್‌ಬಿ ಡ್ರೈವ್ ರಾತ್ರಿಯಿಡೀ ಗೊರಗುಟ್ಟಿ ಕೈಚೆಲ್ಲಿದ ಸೆಕ್ಟರುಗಳಲ್ಲಿ ಬಹುಪಾಲನ್ನು, ಅದೇ ನಕ್ಷೆಯನ್ನು ಮುಂದುವರಿಸಿ, ಅಟ್ಟದ ಮೇಲಿದ್ದ ಹಳೆಯ ಡೆಸ್ಕ್‌ಟಾಪ್‌ನ ಡ್ರೈವ್ ಓದಿಕೊಟ್ಟಿತು. ಹಳೆಯ ಡ್ರೈವನ್ನು ಗುಜರಿಗೆ ಹಾಕುವ ಮುನ್ನ ಯೋಚಿಸಿ.

ಡಿಸ್ಕಿನೊಳಗೆ ವಿಡಿಯೊ ಸುಮಾರು ಒಂದೊಂದು ಜಿಬಿಯ ವಿಒಬಿ ಕಡತಗಳಾಗಿ ತುಂಡಾಗಿರುತ್ತದೆ. ಈ ತುಂಡುಗಳಿಗೂ ದೃಶ್ಯಗಳಿಗೂ ಸಂಬಂಧವಿಲ್ಲ. ಒಂದೊಂದನ್ನೇ ಬೇರೆಯಾಗಿ ಪರಿವರ್ತಿಸಿ ಜೋಡಿಸಿದಾಗ ಮಂತ್ರದ ನಡುವೆ ಪುರೋಹಿತರ ಧ್ವನಿ ತಡವರಿಸಿತು. ಮೇಕ್‌ಎಂಕೆವಿ ಎಂಬ ತಂತ್ರಾಂಶ ಬಳಸಿದ ಮೇಲೆ ತೊಡಕು ನೀಗಿತು: ಅದು ತುಂಡುಗಳನ್ನು ಡಿಸ್ಕಿನ ಸೂಚಿಯ ಪ್ರಕಾರ ಜೋಡಿಸಿ, ಚಿತ್ರವನ್ನೂ ಧ್ವನಿಯನ್ನೂ ಮುಟ್ಟದೆ, ಒಂದೇ ಎಂಕೆವಿ ಕಡತಕ್ಕೆ ಸ್ಥಳಾಂತರಿಸುತ್ತದೆ. ಇವೇ ಈಗ ನಮ್ಮ ಮೂಲಪ್ರತಿಗಳು.

ಎಂಪೆಗ್-2ರಲ್ಲಿ ಪ್ರತಿ ಚೌಕಟ್ಟೂ ಪೂರ್ಣವಾಗಿರುವುದಿಲ್ಲ; ಹದಿನೈದರೊಳಗೊಂದು ಮಾತ್ರ ಪೂರ್ಣ, ಉಳಿದವು ಅಕ್ಕಪಕ್ಕದವನ್ನು ಆಧರಿಸಿ ನಿಂತವು. ಹಾಗಾಗಿ ಬೇಕೆಂದಲ್ಲಿ ಕತ್ತರಿಸುವುದು ಕಷ್ಟ. ಅದಕ್ಕಾಗಿ ಎಡಿಟ್ ಮಾಡಬೇಕಾದ ಭಾಗಗಳನ್ನು ಮಾತ್ರ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶದ ಮೂಲಕ, ಪ್ರತಿ ಚೌಕಟ್ಟನ್ನೂ ಪೂರ್ಣವಾಗಿಡುವ ಪ್ರೋರೆಸ್ ರೂಪಕ್ಕೆ, ಧ್ವನಿಯನ್ನು ಹಿಂಡದ ಪಿಸಿಎಂ ರೂಪಕ್ಕೆ ಬದಲಿಸಿದೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದೂ ನಷ್ಟರಹಿತವಲ್ಲ, ಆದರೆ ನನ್ನ ಕಣ್ಣಿಗೆ ವ್ಯತ್ಯಾಸ ಸಿಕ್ಕಿಲ್ಲ. ಜಾಗವನ್ನಂತೂ ತಿನ್ನುತ್ತದೆ.

ಇಲ್ಲಿಯೇ ನಾನು ಎಡವಿದ್ದು. ಈ ವಿಡಿಯೊಗಳು ಇಂಟರ್‌ಲೇಸ್ ಆದವು, ಅಂದರೆ ಪ್ರತಿ ಚೌಕಟ್ಟಿನಲ್ಲೂ ಎರಡು ಕ್ಷಣಗಳ ಚಿತ್ರ ಸಾಲು ಬಿಟ್ಟು ಸಾಲು ಹೆಣೆದುಕೊಂಡಿರುತ್ತದೆ. ಅಲುಗುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಕಾಣುವುದು ಅದರಿಂದ. ಎರಡನ್ನೂ ಬಿಡಿಸಿ ಸೆಕೆಂಡಿಗೆ 50 ಚೌಕಟ್ಟು ಮಾಡಿದರೆ ಚಲನೆ ನಯವಾಗಿ ಉಳಿಯುತ್ತದೆ. ಯಾವ ಸಾಲುಗಳ ಚಿತ್ರ ಮೊದಲ ಕ್ಷಣದ್ದೆಂದು ನೋಡದೆ, ನಾನು ಮೇಲಿನ ಸಾಲು ಮೊದಲು ಎಂದು ಊಹಿಸಿ ಬಿಡಿಸಿದೆ. ಅಜ್ಜಿ ಆರತಿ ತಟ್ಟೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ ಜಗ್ಗುತ್ತಾ ಬಂದರು. ಕಡತದ ವಿವರ ತೋರಿಸುವ ಮೀಡಿಯಾಇನ್ಫೋ ತಂತ್ರಾಂಶದಲ್ಲಿ ನೋಡಿದರೆ ಕೆಳಗಿನ ಸಾಲು ಮೊದಲು ಎಂದಿತ್ತು. ಡಿವಿ ಎಂಬ ಕ್ಯಾಮ್‌ಕಾರ್ಡರ್ ಟೇಪಿನಿಂದ ಬಂದ ವಿಡಿಯೊಗಳಲ್ಲಿ ಇದೇ ಕ್ರಮ. ಸಾಲುಗಳನ್ನು ಬಿಡಿಸುವ ಬಿಡಬ್ಲ್ಯೂಡಿಫ್ ಫಿಲ್ಟರಿಗೆ ಅದನ್ನೇ ಸೂಚಿಸಿದೊಡನೆ ಅಜ್ಜಿ ಸರಿಯಾಗಿ ನಡೆದರು. ಚಿತ್ರದ ಅನುಪಾತವನ್ನು 4:3 ಎಂದು ನಮೂದಿಸಿದ ಮೇಲೆ ಭಾವನ ಮುಖವೂ ಮೊದಲಿನಂತಾಯಿತು.

ಧಾರೆಯ ದೃಶ್ಯದ ಧ್ವನಿಯನ್ನು ಮಾತ್ರ ಯಾವ ತಂತ್ರಾಂಶವೂ ಮರಳಿ ಕೊಡಲಾರದು, ಏಕೆಂದರೆ ಅಂದಿನ ವಿಡಿಯೊಗ್ರಾಫರ್ ಅದರ ಮೇಲೆ ಸಿನಿಮಾ ಹಾಡು ಹಾಕಿ, ಹೃದಯಾಕಾರದ ಚೌಕಟ್ಟನ್ನೂ ಕೂರಿಸಿದ್ದರು. ಅಜ್ಜಿಯ ಸೋಬಾನೆ ಪದ ಸಿಕ್ಕಿದ್ದು ಮಾವನ ಡಿಸ್ಕಿನಲ್ಲಿ: ಕ್ಯಾಮೆರಾ ಊಟದ ಪಂಕ್ತಿಯತ್ತ ತಿರುಗಿದೆ, ಎಲೆಗಳ ಮೇಲೆ ಪಲ್ಯ ಬೀಳುತ್ತಿದೆ, ಹಿಂದೆ ಎಲ್ಲಿಂದಲೋ ಅವರ ದನಿ ನಲವತ್ತು ಸೆಕೆಂಡು ಕೇಳುತ್ತದೆ. ಅಕ್ಕನ ವಿಡಿಯೊದಲ್ಲಿ ಧಾರೆಯ ಚಿತ್ರದ ಕೆಳಗೆ ಈಗ ಅದನ್ನು ಇಟ್ಟಿದ್ದೇನೆ.